ಒಂದು ಮನೆ ಕೆಳಗೆ

ಅಭ್ಯಾಸ ಮುಗಿದು, ವಾದ್ಯ ಒರೆಸಿ ಚೀಲಕ್ಕೆ ಹಾಕುವ ಹೊತ್ತಿಗೆ ಮುಂದಿನ ಕಾರ್ಯಕ್ರಮಗಳನ್ನು ಓದಿ ಹೇಳುವುದು ನಮ್ಮ ತಂಡದಲ್ಲಿ ಮೇಷ್ಟ್ರ ಕೆಲಸ. ಅವರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ, ತಂಡದಲ್ಲಿ ಪಿಟೀಲು ನುಡಿಸುತ್ತಾರೆ. ನಾವು ನುಡಿಸುವುದನ್ನೆಲ್ಲ ಬರೆಯುವವರೂ ಅವರೇ. ಆ ಭಾನುವಾರವೂ ಕಿಟಕಿಯ ಹತ್ತಿರ ನಿಂತು, ಕನ್ನಡಕವನ್ನು ಹಣೆಗೇರಿಸಿ ಓದಿದರು. ಹಲ್ಲು ಡಾಕ್ಟರು ರಜೆಯಲ್ಲಿ ಮಕ್ಕಳಿಗೆ ಕೊಳಲಿನ ಪಾಠ ಮಾಡಲಿದ್ದಾರೆ. ಬ್ಯಾಂಕಿನ ಹುಡುಗಿಯನ್ನು ಬೇರೊಂದು ತಂಡ ಚೆಲ್ಲೋ, ಅಂದರೆ ಆಳೆತ್ತರದ ಪಿಟೀಲು, ನುಡಿಸಲು ಒಂದು ದಿನದ ಮಟ್ಟಿಗೆ ಕರೆದಿದೆ. ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ರೋಗಿಗಳಿಗಾಗಿ ನಮ್ಮದೊಂದು ಕಛೇರಿ ಇದೆ. ಅದಕ್ಕೂ ಮೊದಲು ಸ್ಪರ್ಧೆ. ಹೊಸ ಸಂಗೀತದ ತಂಡಗಳ ಸ್ಪರ್ಧೆಯಲ್ಲಿ ನಾವು ಕೊನೆಯ ಸುತ್ತಿಗೆ ಬಂದಿದ್ದೆವು.

ಹೊಸ ಸಂಗೀತ ಅಂದರೆ ಏನು ಎಂದು ನನ್ನನ್ನು ಕೇಳಿದವರಿದ್ದಾರೆ. ಮೇಷ್ಟ್ರು ಬರೆಯುವುದು, ನಾವು ನುಡಿಸುವುದು, ಕೇಳಿದವರು ಮುಗಿಯಿತೋ ಇಲ್ಲವೋ ತಿಳಿಯದೆ ಚಪ್ಪಾಳೆಗೆ ಮುಂಚೆ ಪಕ್ಕದವರ ಮುಖ ನೋಡುವುದು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ನಾನು ಓದಿದ್ದು ಕಡಿಮೆ. ಮರದ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ದುಡಿದವನು, ತಂಡದಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತೇನೆ. ಬರೆದದ್ದನ್ನು ನೋಡಿ ಬಾರಿಸಲು ಬಾರದು, ಒಂದೆರಡು ಸಲ ಕೇಳಿದರೆ ಮರೆಯುವುದಿಲ್ಲ.

ಹಾರ್ಮೋನಿಯಂ ನನ್ನ ತಮ್ಮನದು. ಹಾಡುವವಳು ತಮ್ಮನ ಹೆಂಡತಿ. ತಂಡಕ್ಕೆಲ್ಲ ಅವಳು ಅಕ್ಕ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿದೆ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದುಕೊಡುವ ಅಂಗಡಿ ಅವಳದು. ದಿನವಿಡೀ ಕುತ್ತಿಗೆಗೆ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದರೆ ಒಂದೋ ಹಾಡು, ಇಲ್ಲವೇ ಗೇಲಿ.

ಅವಳಿಗೆ ಹೆಸರು ಬಂದಿದ್ದು ಒಂದು ಸ್ವರದಿಂದ. ಬಹಳ ಮೇಲಿನದು. ಮೇಷ್ಟ್ರು ಏನು ಬರೆದರೂ ಕೊನೆಗೆ ಅವಳನ್ನು ಅಲ್ಲಿಗೆ ಹತ್ತಿಸಿಯೇ ಬಿಡುತ್ತಿದ್ದರು. ಆ ವಯಸ್ಸಿನಲ್ಲಿ ಆ ಸ್ವರ ಯಾರಿಗೂ ಉಳಿಯುವುದಿಲ್ಲ ಎಂದು ಬೇರೆ ತಂಡದವರೂ ಹೇಳುತ್ತಿದ್ದರು. ಅಕ್ಕ ಅದಕ್ಕೆ, "ನನ್ನ ಗಂಟಲಿಗೆ ನನ್ನ ಹುಟ್ಟಿದ ದಿನ ಗೊತ್ತಿಲ್ಲ, ಯಾರೂ ಹೇಳ್ಬೇಡಿ" ಅನ್ನುತ್ತಿದ್ದಳು. ಸ್ಪರ್ಧೆಗೆ ಬರೆದದ್ದರಲ್ಲಿಯೂ ಕೊನೆಗೆ ಅದೇ ಇತ್ತು. ಮಾತಿಲ್ಲದ ಹಾಡು, ಬರೀ ಆಕಾರ, ಆ ಎಂದು ಎಳೆಯುವುದು. ಕೊನೆಯಲ್ಲಿ ನಾವೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಬೇಕು. ಅವಳ ಸ್ವರ ಒಂದೇ ಉಳಿಯಬೇಕು, ಅದರ ಕೆಳಗೆ ಪಿಯಾನೊ. ಆ ಸಭಾಂಗಣದಲ್ಲಿ ದೊಡ್ಡ ಪಿಯಾನೊ ಇದೆ, ನುಡಿಸುವವರೂ ಅವರದೇ. ಎಲ್ಲ ತಂಡವೂ ಅದರ ಜೊತೆಗೇ ನುಡಿಸಬೇಕೆಂಬುದು ಸ್ಪರ್ಧೆಯ ನಿಯಮ. ಗೆದ್ದ ತಂಡಕ್ಕೆ ಮೂರು ಊರುಗಳಲ್ಲಿ ಕಛೇರಿ. ನಮ್ಮಲ್ಲಿ ಯಾರೂ ತಂಡದೊಂದಿಗೆ ಊರು ದಾಟಿದವರಲ್ಲ.

"ಮೂರು ಊರು ಅಂದ್ರೆ ಮೂರು ಸೀರೆ" ಎಂದಳು ಅಕ್ಕ. "ಭಾವ, ನಿಮಗೂ ಒಂದು ಅಂಗಿ ಹೊಲೀತೀನಿ. ಈ ಅಂಗಿ ಡ್ರಮ್ಮಿಗಿಂತ ಹಳೇದು."

"ನನಗೆ?" ಎಂದ ತಮ್ಮ.

"ನಿಮಗೆ ಯಾಕೆ? ನೀವು ಪೆಟ್ಟಿಗೆ ಹಿಂದೆ ಕೂತಿರ್ತೀರಿ. ತಲೆ ಒಂದು ಬಾಚಿಕೊಂಡ್ರೆ ಸಾಕು."

ನಮ್ಮ ಅಭ್ಯಾಸದ ಕೋಣೆ ಒಂದು ಲಾಂಡ್ರಿಯ ಮೇಲಿದೆ. ಕೆಳಗೆ ಯಂತ್ರಗಳು ತಿರುಗುತ್ತಿದ್ದರೆ ನೆಲ ಅಂಗಾಲಿಗೆ ಜುಮ್ಮೆನ್ನುತ್ತದೆ. ಕಿಟಕಿಯ ಗಾಜಿಗೆ ಹಬೆ, ಗೋಡೆಗೆ ಸೋಪಿನ ವಾಸನೆ. ಅದಕ್ಕೇ ಯಂತ್ರ ನಿಲ್ಲುವ ಭಾನುವಾರ ಅಭ್ಯಾಸ. ಬಂದವರು ಮೊದಲು ಮೊಬೈಲನ್ನು ಬಾಗಿಲ ಪಕ್ಕದ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಅದು ತಮ್ಮ ಮಾಡಿದ ನಿಯಮ. ಆಮೇಲೆ ಅವನು ತಿದಿ ಒತ್ತಿ ಒಂದು ಸ್ವರ ಹಿಡಿಯುತ್ತಾನೆ, ಎಲ್ಲರೂ ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಬೇರೆ ಯಾವುದನ್ನೂ ಕೇಳುವ ಪದ್ಧತಿ ಇರಲಿಲ್ಲ. ಆ ಹಾರ್ಮೋನಿಯಂ ಮುಚ್ಚಿಹೋದ ಒಂದು ಶಾಲೆಯಿಂದ ಬಂದದ್ದು. ನಾವಿಬ್ಬರೂ ಅದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ತಂದ ದಿನ ತಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ತಂಡಕ್ಕಿಂತ ಅದು ಹಿರಿಯದು. ಹಾಗಾಗಿ ಅದು ಹೇಳಿದ್ದೇ ಸ್ವರ.

ಸ್ಪರ್ಧೆಗೆ ಮೊದಲು ಪ್ರತಿ ತಂಡಕ್ಕೂ ಆ ಸಭಾಂಗಣದಲ್ಲಿ ಒಂದು ಸಲ ಅಭ್ಯಾಸಕ್ಕೆ ಬಿಡುತ್ತಾರೆ. ನಾವು ಹೋದೆವು. ಹಾರ್ಮೋನಿಯಂ ಬೇಡ ಎಂದು ಮೇಷ್ಟ್ರು ಹೇಳಿದ್ದರೂ ತಮ್ಮ ಅದನ್ನು ಟೆಂಪೊದಲ್ಲಿ ಹಾಕಿಸಿದ. ಪಿಯಾನೊ ನುಡಿಸುವಾಕೆ ನಡುವಯಸ್ಸಿನವರು, ಮೆಲುದನಿ, ಕುತ್ತಿಗೆಗೆ ಸರದಲ್ಲಿ ಕನ್ನಡಕ ಕಟ್ಟಿಕೊಂಡಿದ್ದರು. ನಾವು ವಾಡಿಕೆಯಂತೆ ಹಾರ್ಮೋನಿಯಂಗೆ ಶ್ರುತಿ ಮಾಡಿಕೊಂಡು ಶುರು ಮಾಡಿದೆವು. ಆಕೆ ಎರಡು ಸಾಲು ನುಡಿಸಿ ಕೈ ಎತ್ತಿದರು. ನನಗೂ ಕೇಳಿತ್ತು. ಅಗಲ ಬಾಗಿಲನ್ನು ಚಿಕ್ಕ ಚೌಕಟ್ಟಿಗೆ ತುರುಕಿದ ಹಾಗಿತ್ತು.

"ನಿಮ್ಮ ಹಾರ್ಮೋನಿಯಂ ರಿಪೇರಿ ಮಾಡಿಸಿ ತುಂಬಾ ದಿನ ಆಯ್ತಾ?" ಎಂದು ಆಕೆ ಕೇಳಿದರು.

"ವರ್ಷ ವರ್ಷ ಮಾಡಿಸ್ತೀವಿ" ಎಂದ ತಮ್ಮ.

"ಹತ್ತಿರ ಹತ್ತಿರ ಒಂದು ಮನೆ ಕೆಳಗಿದೆಯಲ್ಲಾ."

ಬೆರಳಿಡುವ ಒಂದೊಂದು ಪಟ್ಟಿಗೂ ಮನೆ ಎನ್ನುತ್ತಾರೆ. ಒಂದು ಮನೆ ಕೆಳಗೆ ಅಂದರೆ, ನಮ್ಮ ಪೆಟ್ಟಿಗೆಯಲ್ಲಿ ಯಾವ ಮನೆ ಒತ್ತಿದರೂ ಪಿಯಾನೊದಲ್ಲಿ ಅದರ ಪಕ್ಕದ ಕೆಳಮನೆಯ ಸ್ವರ ಬರುತ್ತದೆ. ಮೇಷ್ಟ್ರು ನಂಬದೆ ಮೊಬೈಲು ತೆಗೆದು, ಸ್ವರ ತೋರಿಸುವ ಆ್ಯಪಿನಲ್ಲಿ ನೋಡಿದರು. ಅದೂ ಪಿಯಾನೊದ ಕಡೆಗೇ ಸಾಕ್ಷಿ ಹೇಳಿತು.

ಆಮೇಲೆ ಎಲ್ಲರೂ ಪಿಯಾನೊಗೆ ಶ್ರುತಿ ಏರಿಸಿಕೊಂಡರು. ಹಲ್ಲು ಡಾಕ್ಟರು ಇಷ್ಟು ವರ್ಷ ಕೊಳಲಿನ ತಲೆಯನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆಯುತ್ತ ಬಂದಿದ್ದರಂತೆ. ತನ್ನ ತುಟಿಗೆ ವಯಸ್ಸಾಯಿತು, ಅದಕ್ಕೇ ಸ್ವರ ಏರುತ್ತಿದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. "ಇನ್ನೊಂದು ವರ್ಷ ಆಗಿದ್ರೆ ಕೊಳಲು ಎರಡು ತುಂಡಾಗಿ ಕೈಗೆ ಬರ್ತಿತ್ತು" ಎನ್ನುತ್ತ ತಲೆಯನ್ನು ಒಳಗೆ ತಳ್ಳಿದರು. ಮೇಷ್ಟ್ರು ತಂತಿ ಸಡಿಲಿಸುತ್ತ ಬಂದಿದ್ದರು, ಲಾಂಡ್ರಿಯ ಹಬೆಯದೇ ತಪ್ಪೆಂದು. ನಾನೂ ಡ್ರಮ್ಮಿನ ತಿರುಪು ಬಿಚ್ಚುತ್ತಿದ್ದೆ, ಕಿವಿ ಮಂದವಾಯಿತೆಂದು. ಎಲ್ಲರೂ ತಮ್ಮ ತಮ್ಮಲ್ಲೇ ಕುಂದು ಹುಡುಕಿಕೊಂಡು ಬಾಯಿ ಮುಚ್ಚಿಕೊಂಡಿದ್ದೆವು. ಈಗ ಒಬ್ಬೊಬ್ಬರ ಮುಖವೂ ತೊಳೆದ ಹಾಗಾಯಿತು. ತಮ್ಮನೊಬ್ಬನೇ ತಲೆ ತಗ್ಗಿಸಿ ತಿದಿಯ ಕೊಂಡಿ ಹಾಕುತ್ತಿದ್ದ.

ಮತ್ತೆ ಶುರು ಮಾಡಿದೆವು. ಅಕ್ಕ ಚೆನ್ನಾಗಿಯೇ ಹಾಡಿದಳು. ಕೊನೆಗೆ ನಾನು ನಿಲ್ಲಿಸಿದೆ, ಚೆಲ್ಲೋ ನಿಂತಿತು, ಕೊಳಲು ನಿಂತಿತು, ಪಿಟೀಲು ನಿಂತಿತು. ಅಕ್ಕ ಮೇಲಕ್ಕೆ ಹೋದಳು. ಸ್ವರ ಬರಲಿಲ್ಲ. ಬಟ್ಟೆ ಹರಿದಂಥ ಒಂದು ಸದ್ದು ಬಂತು, ಅಷ್ಟೆ.

ಅವಳು ಮತ್ತೆ ಪ್ರಯತ್ನಿಸಿದಳು. ಮತ್ತೆ ಅದೇ.

"ಗಂಟಲು ಕಟ್ಟಿದೆ" ಎಂದಳು. "ಟೆಂಪೊದ ಧೂಳು."

ಬೇರೆ ದಿನವಾಗಿದ್ದರೆ ಯಾರಾದರೂ ಗೇಲಿ ಮಾಡುತ್ತಿದ್ದರು. ಪಿಯಾನೊದಾಕೆ ಒಂದು ಲೋಟ ಬಿಸಿನೀರು ತರಿಸಿಕೊಟ್ಟರು. ಅಕ್ಕ ಕುಡಿದು, ಲೋಟ ತೊಳೆದು ತಾನೇ ಒಳಗೆ ಕೊಟ್ಟು ಬಂದಳು.

ಆ ವಾರ ಧೂಳು ಇರಲಿಲ್ಲ. ಸ್ವರವೂ ಬರಲಿಲ್ಲ. ನಾನು ತಮ್ಮನ ಮನೆಯಲ್ಲೇ ಇರುವವನು, ಪಕ್ಕದ ಕೋಣೆ ನನ್ನದು. ಅಕ್ಕ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು ಹತ್ತುವುದು ಗೋಡೆಯಾಚೆ ಕೇಳಿಸುತ್ತಿತ್ತು. ಅವಳು ಸಲೀಸಾಗಿ ಬರುತ್ತಿದ್ದಳು, ಕೊನೆಯ ಮೆಟ್ಟಿಲಿಗೆ ಮೊದಲು ನಿಲ್ಲುತ್ತಿದ್ದಳು. ಅಲ್ಲಿವರೆಗಿನ ಸ್ವರ ಗಟ್ಟಿಯಾಗಿಯೇ ಇತ್ತು. ಅದರಾಚೆ ಒಂದೇ ಒಂದು ಮನೆ, ಬಾಗಿಲು ಹಾಕಿದ ಹಾಗೆ.

ಭಾನುವಾರ ಅವಳು ಮೆಟ್ಟಿಲು ಹತ್ತಿ ಬರುವಾಗ ಕೋಣೆಯಲ್ಲಿ ಆಗಲೇ ಮಾತು ನಡೆದಿತ್ತು. ಬ್ಯಾಂಕಿನ ಹುಡುಗಿಗೆ ಒಬ್ಬಳು ಚಿಕ್ಕಮ್ಮನ ಮಗಳಿದ್ದಾಳೆ, ಹಾಡು ಕಲಿತವಳು.

"ಅವಳು ಆ ಸ್ವರ ಮುಟ್ಟುತ್ತಾಳೆ ಮೇಷ್ಟ್ರೇ. ಇದೊಂದು ಸಲಕ್ಕೆ ಅಷ್ಟೆ. ಆಮೇಲೆ ಅಕ್ಕನೇ. ನನಗೂ ಅಕ್ಕ ಅಂದ್ರೆ ಪ್ರೀತಿ. ಆದ್ರೆ ನಾನು ಇದನ್ನ ನಂಬಿಕೊಂಡು ರಜಾ ಎಲ್ಲಾ ಉಳಿಸಿಟ್ಟಿದೀನಿ."

ಅಕ್ಕ ಬಾಗಿಲಲ್ಲಿ ನಿಂತು ಮೊಬೈಲನ್ನು ಡಬ್ಬಕ್ಕೆ ಹಾಕಿದಳು. ಡಬ್ಬ ಠಣ್ಣೆಂದಿತು. ಹುಡುಗಿ ತಿರುಗಿ ನೋಡಿ ಚೆಲ್ಲೋದ ಹಿಂದೆ ಮುಖ ಮರೆಮಾಡಿಕೊಂಡಳು.

"ಮುಟ್ಟೋಳು ಮುಟ್ಟಲಿ ಬಿಡೇ" ಎಂದಳು ಅಕ್ಕ. "ಮೊದಲು ನನ್ನದು ಎಲ್ಲಿ ಹೋಯ್ತು ಅಂತ ನೋಡೋಣ. ಪೆಟ್ಟಿಗೆ ರಿಪೇರಿಯವನಿಗೆ ಬರೋಕೆ ಹೇಳಿದೀನಿ."

ತಮ್ಮ ಎದ್ದುನಿಂತ. "ಅವನನ್ನ ಯಾಕೆ ಕರೆಸಿದೆ? ನಾನೇ ಹೋಗ್ತಿದ್ದೆ."

"ನೀವು ಹೋಗಿ ಬರೋ ಹೊತ್ತಿಗೆ ಸ್ಪರ್ಧೆ ಮುಗಿದಿರುತ್ತೆ."

ರಿಪೇರಿಯವನು ತನ್ನ ಚರ್ಮದ ಚೀಲ ಹೊತ್ತು ಬಂದ. ನಮ್ಮ ಮನೆಗೆ ಬಹಳ ಕಾಲದಿಂದ ಬರುವವನು, ಸ್ವಲ್ಪ ಉಬ್ಬಸ, ಮಾತಿಗೆ ತಡೆಯಿಲ್ಲ. ಹಾರ್ಮೋನಿಯಂನ ಮುಚ್ಚಳ ತೆಗೆದು ಒಳಗಿನ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದ. ಪಿಯಾನೊದ ಶ್ರುತಿಗೆ ಏರಿಸಬೇಕು ಎಂದು ಮೇಷ್ಟ್ರು ಹೇಳಿದರು.

"ಏರಿಸಬಹುದು. ಆದ್ರೆ ಎಷ್ಟಂತ ಕೆರೀಲಿ ಸ್ವಾಮಿ? ಇಳಿಸೋವಾಗ ಬುಡದಲ್ಲಿ ಕೆರೆದಿದೀನಿ, ಏರಿಸೋಕೆ ತುದೀಲಿ ಕೆರೀಬೇಕು. ಎರಡೂ ಕಡೆ ತೆಳ್ಳಗಾದ್ರೆ ಮುರೀತವೆ." ಅವನು ತಮ್ಮನ ಕಡೆ ತಿರುಗಿದ. "ನೀವು ಆಗಲೇ ಹೇಳಬೇಕಿತ್ತು ಯಜಮಾನ್ರೇ, ಮತ್ತೆ ಏರಿಸೋದು ಬರುತ್ತೆ ಅಂತ. ವರ್ಷ ವರ್ಷ ಒಂಚೂರು ಇಳಿಸು, ಇನ್ನೊಂಚೂರು ಇಳಿಸು ಅಂತಿದ್ರಿ. ನಾನು ಹೇಳಿದಷ್ಟು ಮಾಡಿದೆ."

ತಮ್ಮ ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದ. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ, ಅಂದು ಯಂತ್ರ ನಿಂತಿತ್ತು.

"ಯಾಕೆ ಇಳಿಸೋಕೆ ಹೇಳಿದ್ರು?" ಎಂದು ಅಕ್ಕ ರಿಪೇರಿಯವನನ್ನೇ ಕೇಳಿದಳು.

"ಅದು ನನಗೇನು ಗೊತ್ತಮ್ಮ? ಹಾಡೋರಿಗೆ ಆರಾಮ ಇರ್ಲಿ ಅಂದಿದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಹಲ್ಲು ಡಾಕ್ಟರು ಕೆಮ್ಮಿದರು. ಅಕ್ಕ ರಿಪೇರಿಯವನಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು, ಎರಡು ಬಿಸ್ಕತ್ತೂ ಕೊಟ್ಟಳು. ಅವನು ತಿಂದು ಮುಗಿಸುವವರೆಗೂ ಅವನ ಮಕ್ಕಳ ಓದಿನ ಬಗ್ಗೆ ಕೇಳಿದಳು. ಅವನು ಚೀಲ ಕಟ್ಟಿಕೊಂಡು ಇಳಿದುಹೋದ ಮೇಲೆ ತಮ್ಮನ ಎದುರು ಬಂದು ನಿಂತಳು.

"ಯಾವಾಗಿಂದ?"

ತಮ್ಮ ಲೆಕ್ಕ ಹಾಕುವವನ ಹಾಗೆ ಮೇಲೆ ನೋಡಿದ. "ನಿನ್ನ ಸ್ವರ ಒಂದ್ಸಲ ಒಡೀತಲ್ಲ, ಆ ಹಳೇ ಟೌನ್ ಹಾಲಿನಲ್ಲಿ. ಅವತ್ತು ನೀನು ಊಟ ಬಿಟ್ಟೆ. ಇನ್ನು ಹಾಡೋದೇ ಇಲ್ಲ ಅಂದೆ."

ನನಗೆ ಅದು ನೆನಪಿತ್ತು. ಆಗ ಅವಳ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಮೂರನೆಯ ದಿನ ಮಗುವಿನ ಕೈಯಲ್ಲಿ ತಟ್ಟೆ ಕೊಟ್ಟು ಕಳಿಸಿ ಉಣ್ಣಿಸಿದ್ದೆವು. ಆ ಮಗಳಿಗೆ ಈಗ ಎರಡು ಮಕ್ಕಳು.

"ಅದಾದ್ಮೇಲೆ ಮುಂದಿನ ಕಛೇರೀಲಿ ಸ್ವರ ಬಂತು ಅಂತ ಎಷ್ಟು ಕುಣಿದಾಡಿದೆ ನೀನು" ಎಂದ ತಮ್ಮ.

"ಕುಣಿದಾಡಿದೆ ಹೌದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಅವಳು ಏನೂ ಅನ್ನದೇ ಇದ್ರೂ ಗಂಡ ನೆಲಾನೇ ಡೊಂಕು ಮಾಡಿಟ್ಟ." ಅವಳ ದನಿ ಏರಿರಲಿಲ್ಲ. ಕುತ್ತಿಗೆಯ ಟೇಪನ್ನು ತೆಗೆದು ಎರಡು ಕೈಯಲ್ಲಿ ಎಳೆದು ಹಿಡಿದಳು. "ನಾನು ದಪ್ಪ ಆಗ್ತೀನಿ ಅಂತ ನೀವು ಟೇಪನ್ನೇ ಎಳೆದು ಉದ್ದ ಮಾಡ್ತಾ ಬಂದ್ರಿ. ನಾನು ಅದೇ ಟೇಪು ಹಿಡ್ಕೊಂಡು ಊರಿಗೆಲ್ಲಾ ನನ್ನ ಅಳತೆ ಹೇಳ್ತಿದ್ದೆ. ಗಂಟಲಿಗೆ ಹುಟ್ಟಿದ ದಿನ ಗೊತ್ತಿಲ್ಲ ಅಂತ! ನನ್ನ ಬಾಯಲ್ಲಿ ಅದನ್ನ ಕೇಳಿಸಿಕೊಂಡು ಸುಮ್ನೆ ಕೂತಿರ್ತಿದ್ರಲ್ಲ ನೀವು."

"ನಿನಗೆ ಬೇಜಾರಾಗಬಾರದು ಅಂತ..."

"ಆ ಡಬ್ಬ ಯಾಕೆ ಅಂತ ಈಗ ಗೊತ್ತಾಯ್ತು."

ತಮ್ಮ ಡಬ್ಬದ ಕಡೆ ನೋಡಿದ. ಎಲ್ಲರೂ ನೋಡಿದೆವು. ಅಕ್ಕ ಹೋಗಿ ತನ್ನ ಮೊಬೈಲನ್ನು ತೆಗೆದುಕೊಂಡು ಮೆಟ್ಟಿಲಿಳಿದಳು. ಆ ದಿನ ಅಭ್ಯಾಸ ನಡೆಯಲಿಲ್ಲ.

ಮನೆಯಲ್ಲಿ ಅವಳು ಗಂಡನೊಂದಿಗೆ ಮಾತು ಬಿಟ್ಟಳು. ಉಳಿದದ್ದೆಲ್ಲ ಸರಿಯಾಗಿಯೇ ನಡೆಯಿತು, ಎಲ್ಲ ಮಾತೂ ನನ್ನ ಮೂಲಕ. ನಾವು ಮೂವರೂ ಒಂದೇ ಮೇಜಿನ ಸುತ್ತ ಕೂತಿರುತ್ತಿದ್ದೆವು.

"ಭಾವ, ನಿಮ್ಮ ತಮ್ಮನಿಗೆ ಇನ್ನಷ್ಟು ಅನ್ನ ಬೇಕಾ ಕೇಳಿ."

ನಾನು ತಮ್ಮನ ಕಡೆ ನೋಡುವುದರೊಳಗೆ ಅವನು, "ಸಾಕು ಅಂತ ಹೇಳು" ಅನ್ನುತ್ತಿದ್ದ.

"ಸಾಕಂತೆ" ಎಂದು ನಾನು ಹೇಳುತ್ತಿದ್ದೆ. ತಂತಿಕಂಬಕ್ಕೂ ಇದಕ್ಕಿಂತ ಕಡಿಮೆ ಕೆಲಸ.

ತಮ್ಮ ಒಮ್ಮೆ ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತ. "ಅಣ್ಣ, ನಾನು ಮಾಡಿದ್ದು ತಪ್ಪಾ?" ಎಂದು ಕೇಳಿದ. ನನಗೆ ಮೊದಲ ವರ್ಷದ್ದು ತಪ್ಪಲ್ಲ ಎನ್ನಿಸಿತು, ಎರಡನೆಯ ವರ್ಷ ಹೇಳಬಹುದಿತ್ತು. ಹಾಗೆಂದೆ. "ಎರಡನೇ ವರ್ಷ ಹೇಳೋಕೆ ಹೋದೆ. ಅವಳು ಅವತ್ತು ಅಷ್ಟು ಖುಷಿಯಾಗಿದ್ದಳು" ಎಂದು ಎದ್ದುಹೋದ.

ಮುಂದಿನ ಭಾನುವಾರ ಅಕ್ಕ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಮೇಷ್ಟ್ರು ರಾತ್ರಿಯೆಲ್ಲ ಯೋಚಿಸಿ ಬಂದಿದ್ದರು. ಬರೆದದ್ದನ್ನು ಸ್ಪರ್ಧೆಯವರಿಗೆ ಕೊಟ್ಟಾಗಿದೆ, ಒಂದಕ್ಷರ ಬದಲಾಯಿಸುವಂತಿಲ್ಲ. ಆದರೆ ನಮ್ಮ ತಂಡಕ್ಕೆ ಒಂದು ಹಳೆಯ ಕೈಚಳಕ ಗೊತ್ತು. ಉದ್ದದ ಸ್ವರ ಹಿಡಿದವರ ಉಸಿರು ಮುಗಿಯುವ ಹೊತ್ತಿಗೆ ಪಕ್ಕದವರು ಅದೇ ಸ್ವರವನ್ನು ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ಒಬ್ಬರದು ಎಲ್ಲಿ ನಿಂತಿತು, ಇನ್ನೊಬ್ಬರದು ಎಲ್ಲಿ ಹುಟ್ಟಿತು ಎಂದು ಕೇಳುವವರಿಗೆ ತಿಳಿಯುವುದಿಲ್ಲ. ಅದನ್ನೇ ಮಾಡೋಣ ಎಂದರು ಮೇಷ್ಟ್ರು.

"ನೀವು ಬಾಯಿ ತೆಗೆದು ನಿಂತಿರಿ ಅಕ್ಕ, ಸ್ವಲ್ಪ ಗಾಳಿ ಬಿಟ್ಟರೆ ಸಾಕು. ಡಾಕ್ಟರು ಕೊಳಲಲ್ಲಿ ಆ ಸ್ವರ ಹಿಡೀತಾರೆ. ಬೇರೆಯವರಿಗೆ ನಿಮ್ಮದೇ ಅನ್ನಿಸುತ್ತೆ."

"ನನ್ನ ತುಟಿ ಈಗ ಚಿಕ್ಕ ಹುಡುಗನದು" ಎಂದರು ಡಾಕ್ಟರು, ನಗಿಸಲು. ಯಾರೂ ನಗಲಿಲ್ಲ.

"ಅಂದ್ರೆ ನಾನು ಬಾಯಿ ತೆಗೆದು ನಿಂತ್ಕೋಬೇಕು, ಸ್ವರ ಇನ್ನೊಬ್ಬರದು" ಎಂದಳು ಅಕ್ಕ. "ಡಾಕ್ಟ್ರೇ, ಅದು ನಿಮ್ಮ ಕುರ್ಚೀಲಿ ಕೂತಾಗ ಮಾಡ್ತೀನಿ. ಇಲ್ಲಿ ಬೇಡ. ಮುಚ್ಚಿಟ್ಟಿದ್ದು ಒಂದೇ ಮನೆಗೆ ಸಾಕು, ಇನ್ನು ಊರೆಲ್ಲಾ ಸೇರಿ ಮುಚ್ಚಬೇಡಿ."

"ಹಾಗಾದ್ರೆ ನನ್ನ ತಂಗೀನ..." ಎಂದು ಬ್ಯಾಂಕಿನ ಹುಡುಗಿ ಶುರು ಮಾಡಿದಳು.

"ಕರೀ. ಅವಳು ಬಂದು ಎಲ್ಲಾ ಹಾಡಲಿ, ನಾನು ಮುಂದೆ ಕೂತು ಕೇಳ್ತೀನಿ. ಅದು ನ್ಯಾಯ. ಇಲ್ಲಾ ನಾನು ಹಾಡಿದ್ರೆ ನನ್ನದನ್ನೇ ಹಾಡ್ತೀನಿ. ನನ್ನ ಕೊನೇ ಸ್ವರ ಎಲ್ಲೂ ಹೋಗಿಲ್ಲ ಕಣ್ರೋ. ಇಷ್ಟು ವರ್ಷ ಎಲ್ಲಿತ್ತೋ ಅಲ್ಲೇ ಇದೆ. ನೀವು ಅದಕ್ಕೆ ಬೇರೆ ಹೆಸರು ಇಟ್ಕೊಂಡಿದ್ರಿ, ಅಷ್ಟೆ."

ಮೇಷ್ಟ್ರು ಲೆಕ್ಕ ಬಿಡಿಸುವವರ ಹಾಗೆ ಹಣೆ ಉಜ್ಜಿಕೊಂಡರು. "ಅದು ಬರೆದದ್ದಕ್ಕಿಂತ ಒಂದು ಮನೆ ಕೆಳಗೆ ಅಕ್ಕ. ಕೆಳಗೆ ಪಿಯಾನೊ ಬರೆದದ್ದನ್ನೇ ಹಿಡಿದಿರುತ್ತೆ. ಎರಡೂ ಒಂದಕ್ಕೊಂದು ಉಜ್ಜುತ್ತೆ. ಹಲ್ಲು ಜುಮ್ಮೆನ್ನುತ್ತೆ."

"ಹಲ್ಲಿಗೆ ಡಾಕ್ಟ್ರು ಇದಾರೆ."

ಈಗ ನಕ್ಕರು. ಆದರೆ ವಿಷಯ ತೀರ್ಮಾನವಾಗಬೇಕಿತ್ತು. ಕೈ ಎತ್ತಿ ಎಂದರು ಮೇಷ್ಟ್ರು. ತನ್ನ ತಂಗಿಯನ್ನು ಕರೆಸಬೇಕು ಎಂದು ಬ್ಯಾಂಕಿನವಳು ಕೈ ಎತ್ತಿದಳು. ಅವಳ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದೂ ಸರಿಯೇ. ಡಾಕ್ಟರು ಅಕ್ಕನ ಕಡೆ, ನಾನೂ ಅಕ್ಕನ ಕಡೆ. ಮೇಷ್ಟ್ರು ಬಹಳ ಹೊತ್ತು ತಾವು ಬರೆದ ಹಾಳೆಗಳನ್ನು ನೋಡಿ, ಒಡೆದ ಸ್ವರಕ್ಕಿಂತ ಉಜ್ಜುವ ಸ್ವರವೇ ಮೇಲು ಎಂದು ಅವಳ ಕಡೆಗೇ ಬಂದರು. ತಮ್ಮ ಕೈ ಎತ್ತಲಿಲ್ಲ.

"ಭಾವ, ನಿಮ್ಮ ತಮ್ಮನ ಕೈಗೆ ಏನಾಗಿದೆ ಕೇಳಿ."

"ನನ್ನ ಮಾತಿಗೆ ಬೆಲೆ ಇಲ್ಲ ಅಂತ ಹೇಳು" ಎಂದ ತಮ್ಮ.

"ಬೆಲೆ ಇಲ್ಲದೆ ಇದ್ರೂ ಎಣಿಕೆಗೆ ಬರುತ್ತೆ" ಎಂದಳು, ನನ್ನನ್ನೇ ನೋಡಿಕೊಂಡು. ತಮ್ಮ ಅರ್ಧ ಕೈ ಎತ್ತಿದ.

ಸ್ಪರ್ಧೆಯ ದಿನ ಹಾರ್ಮೋನಿಯಂಗೆ ಕೆಲಸವಿರಲಿಲ್ಲ. ಪಿಯಾನೊದ ಪಕ್ಕ ತಮ್ಮ ಕೂತು ಆಕೆಗೆ ಹಾಳೆ ತಿರುವಿದ. ಅವನಿಗೆ ಆ ಜಾಗದಿಂದ ಅಕ್ಕನ ಬೆನ್ನು ಕಾಣುತ್ತಿತ್ತು. ಅವಳು ತಾನೇ ಹೊಲಿದ ಬೂದುಬಣ್ಣದ ರವಿಕೆ ತೊಟ್ಟಿದ್ದಳು. ನನ್ನ ಅಂಗಿಯೂ ಹೊಸದು, ಕಾಲರು ಕುತ್ತಿಗೆಗೆ ಚುಚ್ಚುತ್ತಿತ್ತು. ಸಭಾಂಗಣ ಮುಕ್ಕಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ತೀರ್ಪುಗಾರರು ಮೂವರು, ಪ್ರತಿಯೊಬ್ಬರ ಎದುರೂ ಪುಟ್ಟ ದೀಪ, ಮೇಷ್ಟ್ರು ಬರೆದುಕೊಟ್ಟ ಹಾಳೆ.

ನುಡಿಸಿದೆವು. ನಡುವೆ ಚೆಲ್ಲೋದವಳು ಒಂದು ಕಡೆ ಆತುರಪಟ್ಟಳು, ಮೇಷ್ಟ್ರು ಅವಳನ್ನು ಹಿಡಿದು ನಿಲ್ಲಿಸಿದರು. ಉಳಿದಂತೆ ಕೋಣೆಯಲ್ಲಿ ನುಡಿಸಿದ್ದಕ್ಕಿಂತ ಚೆನ್ನಾಗಿತ್ತು. ಕೊನೆಗೆ ಒಬ್ಬೊಬ್ಬರಾಗಿ ನಿಲ್ಲಿಸಿದೆವು. ಅಕ್ಕ ಮೇಲೆ ಹೋದಳು. ತನ್ನ ಸ್ವರದ ಮೇಲೆ ನಿಂತಳು.

ಅದು ಉಜ್ಜಿತು. ಮೇಷ್ಟ್ರು ಹೇಳಿದ ಹಾಗೆಯೇ. ಪಿಯಾನೊದ ಸ್ವರ ಮತ್ತು ಅವಳ ಸ್ವರ ಕಿರಿದಾದ ಓಣಿಯಲ್ಲಿ ಎದುರಾದ ಇಬ್ಬರ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತವು. ಯಾರೂ ದಾರಿ ಬಿಡಲಿಲ್ಲ. ಪಿಯಾನೊದ ಸ್ವರ ತಾನಾಗಿ ಸಣ್ಣಗಾಗುತ್ತ ಹೋಯಿತು, ಅವಳದು ಹಾಗೇ ಇತ್ತು. ಎಲ್ಲಿಯೂ ಬಿರುಕಿರಲಿಲ್ಲ. ಉಸಿರು ಮುಗಿದಾಗ ಬಾಯಿ ಮುಚ್ಚಿದಳು. ಜನ ವಾಡಿಕೆಯಂತೆ ಪಕ್ಕದವರ ಮುಖ ನೋಡಿದರು. ಆಮೇಲೆ ಚಪ್ಪಾಳೆ ಬಂತು, ತಕ್ಕಮಟ್ಟಿಗೆ.

ನಡುವೆ ಕೂತಿದ್ದ ತೀರ್ಪುಗಾರರು ಹಾಳೆ ತಿರುವಿ ನೋಡಿ ಮೈಕು ತೆಗೆದುಕೊಂಡರು. "ಕೊನೆಯ ಸ್ವರ ಇಲ್ಲಿ ಬರೆದಿರೋದಲ್ಲ. ಆಮೇಲೆ ಬದಲಾಯಿಸಿದ್ದೋ, ಅಥವಾ ಬೇಕು ಅಂತಲೇ ಹಾಗೆ ಹಾಡಿದ್ದೋ?"

ಮೇಷ್ಟ್ರು ಬಾಯಿ ತೆಗೆದರು. ಬೇಕೆಂದೇ ಮಾಡಿದ್ದು ಎಂದರೆ ಹೊಸ ಸಂಗೀತದಲ್ಲಿ ಯಾರೂ ಅಲ್ಲ ಅನ್ನುವುದಿಲ್ಲ. ಬ್ಯಾಂಕಿನ ಹುಡುಗಿ ಹಾಗೆಯೇ ಹೇಳಿ ಎನ್ನುವಂತೆ ಚೆಲ್ಲೋದ ಬಿಲ್ಲಿನಿಂದ ಅವರ ಕಾಲು ತಟ್ಟಿದಳು. ಅಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ಬರೆದಿರೋದೇ ಸರಿ ಸ್ವಾಮಿ. ಅದು ನನಗೆ ಸಿಗಲ್ಲ. ಸಿಗೋದು ಇದು."

ಸಭೆಯಲ್ಲಿ ಒಂದಿಬ್ಬರು ನಕ್ಕರು. ತೀರ್ಪುಗಾರರು ತಲೆಯಾಡಿಸಿ ಏನೋ ಬರೆದುಕೊಂಡರು. ಪಿಯಾನೊದ ಪಕ್ಕ ತಮ್ಮ ಎದ್ದುನಿಂತಿದ್ದ. ಯಾಕೆ ನಿಂತನೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ, ಮತ್ತೆ ಕೂತ.

ನಮಗೆ ನಾಲ್ಕನೇ ಸ್ಥಾನ. ಬಹುಮಾನ ಮೊದಲ ಮೂರು ತಂಡಗಳಿಗೆ. ಬರೆದದ್ದನ್ನು ಬಿಟ್ಟದ್ದಕ್ಕೆ ಒಬ್ಬರು ಅಂಕ ಕಳೆದಿದ್ದರಂತೆ. ಇನ್ನೊಬ್ಬರು ಆ ಕೊನೆಯೇ ಚೆನ್ನಾಗಿತ್ತು, ಬರೆದದ್ದಕ್ಕಿಂತಲೂ, ಎಂದು ಮೇಷ್ಟ್ರ ಕೈ ಕುಲುಕಿದರು. ಮೇಷ್ಟ್ರಿಗೆ ಅದರಿಂದ ಸಂತೋಷವಾಯಿತೋ ಬೇಸರವಾಯಿತೋ ಹೇಳಲಾರೆ. ವಾಪಸು ಬರುವಾಗ ಬ್ಯಾಂಕಿನ ಹುಡುಗಿ ಟೆಂಪೊದ ಹಿಂದುಗಡೆ ಕೂತು ಸ್ವಲ್ಪ ಅತ್ತಳು. ಅಕ್ಕ ಅವಳ ತಲೆ ಸವರಿ, "ಉಳಿಸಿಟ್ಟ ರಜಾದಲ್ಲಿ ಅಂಗಡಿಗೆ ಬಾ, ಗುಂಡಿ ಹಾಕೋದು ಬೇಕಾದಷ್ಟಿದೆ" ಎಂದಳು. ಹುಡುಗಿ ಅಳುತ್ತಲೇ, "ನನಗೆ ಸೂಜಿಗೆ ದಾರ ಹಾಕೋಕೂ ಬರಲ್ಲ" ಎಂದಳು. ಮೂರು ಊರಿನ ಮಾತು ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯ ಕಛೇರಿಗೆ ರಿಪೇರಿಯವನು ಹಾರ್ಮೋನಿಯಂ ಏರಿಸಿಕೊಟ್ಟ. ಅವನು ಹೆದರಿದಂತೆ ಕೆಲವು ರೀಡು ಮುರಿದವು, ಹೊಸವು ಹಾಕಿದ. ಹೊಸವುಗಳ ದನಿ ಸ್ವಲ್ಪ ಚೂಪು. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಗಾಜಿನ ಗೋಡೆಯ ಉದ್ದದ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ಕೇಳುವವರಲ್ಲಿ ಕೆಲವರು ಗಾಲಿಕುರ್ಚಿಯಲ್ಲಿದ್ದರು, ಕೆಲವರು ಕೈಗೆ ಹಾಕಿದ ನಳಿಗೆಯೊಂದಿಗೆ ಸಲೈನಿನ ಕಂಬ ತಳ್ಳಿಕೊಂಡು ಬಂದಿದ್ದರು. ಮೇಷ್ಟ್ರು ಅವರಿಗಾಗಿ ಸುಲಭದ್ದನ್ನೇ ಆರಿಸಿದ್ದರು. ಅಕ್ಕ ಮೂರು ಹಾಡಿದಳು. ಒಬ್ಬ ಅಜ್ಜಿ ಮೊದಲಿನಿಂದ ಕೊನೆಯವರೆಗೂ ನಿದ್ದೆ ಮಾಡಿದರು. ನರ್ಸು ಅದನ್ನೇ ನಮಗೆ ದೊಡ್ಡ ಹೊಗಳಿಕೆಯಾಗಿ ಹೇಳಿದಳು, ಎಷ್ಟೋ ದಿನದಿಂದ ನಿದ್ದೆ ಇರಲಿಲ್ಲವಂತೆ.

ಎಲ್ಲ ಕಟ್ಟಿಕೊಂಡೆವು. ಲಿಫ್ಟಿನಲ್ಲಿ ರೋಗಿಗಳನ್ನು ಒಯ್ಯುತ್ತಿದ್ದುದರಿಂದ ನಾವು ಮೆಟ್ಟಿಲಿಳಿಯಬೇಕಾಯಿತು. ಹಾರ್ಮೋನಿಯಂನ ಒಂದು ತುದಿ ತಮ್ಮ ಹಿಡಿದ. ಇನ್ನೊಂದು ತುದಿ ಹಿಡಿಯಲು ಡಾಕ್ಟರು ಬಗ್ಗುವಷ್ಟರಲ್ಲಿ ಅಕ್ಕ ಹಿಡಿದಾಗಿತ್ತು. ನಾನು ಡ್ರಮ್ಮು ಹೊತ್ತುಕೊಂಡು ಅವರ ಹಿಂದೆ.

ಒಂದು ಮಹಡಿ ಇಳಿದೆವು. ಆಮೇಲೆ ಅಕ್ಕ, ನನ್ನ ಕಡೆ ತಿರುಗದೆ, ನೇರವಾಗಿ ಕೇಳಿದಳು.

"ರೀ, ಹೇಗಿತ್ತು?"

ತಮ್ಮ ನಿಂತ. ಪೆಟ್ಟಿಗೆಯೂ ನಿಂತಿತು. ಅವನ ಬಾಯಿಗೆ ಚೆನ್ನಾಗಿತ್ತು ಎಂಬ ಮಾತು ಬಂದದ್ದು ನನಗೆ ಹಿಂದಿನಿಂದಲೂ ಕಂಡಿತು. ಎಷ್ಟೋ ವರ್ಷದಿಂದ ಅದನ್ನೇ ಹೇಳಿದವನು. ಅವನು ಪೆಟ್ಟಿಗೆಯ ಹಿಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಮೊದಲನೇದು ಚೆನ್ನಾಗಿತ್ತು. ಎರಡನೇದರಲ್ಲಿ ಕೊನೇ ಸಾಲು ಇಳೀತು."

"ಇಳೀತಾ?"

"ಇಳೀತು."

"ಎಲ್ಲಿ?"

"ಉಸಿರು ತಗೊಂಡ ಮೇಲೆ. ಉಸಿರು ಅರ್ಧ ತಗೊಂಡೆ ನೀನು."

"ಅರ್ಧ ಯಾಕೆ ತಗೋತೀನಿ? ಪೂರ್ತಿ ತಗೊಂಡೆ. ನಿಮ್ಮ ಹೊಸ ರೀಡು ಕಿರಿಚ್ತಿತ್ತು, ಅದಕ್ಕೆ ಹಾಗೆ ಕೇಳಿಸಿದೆ."

"ರೀಡು ಸರಿಯಾಗೇ ಇತ್ತು. ನೀನು ಇಳಿದೆ."

"ಹಾಡಿ ತೋರಿಸಿ ನೋಡೋಣ, ಹೇಗೆ ಇಳಿದೆ ಅಂತ."

ತಮ್ಮನಿಗೆ ಹಾಡಲು ಬರುವುದಿಲ್ಲ. ಆದರೂ ಆ ಸಾಲನ್ನು ಗುನುಗಿದ. ಅಕ್ಕ ಅದಲ್ಲ ಎಂದು ತಾನು ಹಾಡಿದಳು. ಮತ್ತೆ ಹಾಡು ಎಂದ ಅವನು, ಅವಳು ಮತ್ತೆ ಹಾಡಿದಳು. ಈಗಲೂ ಇಳೀತು ಎಂದ. ಕೆಳಗಿನಿಂದ ಹತ್ತಿ ಬರುತ್ತಿದ್ದ ಇಬ್ಬರು ಗೋಡೆಗೆ ಒರಗಿ ದಾರಿಗಾಗಿ ಕಾದರು. ಪೆಟ್ಟಿಗೆ ಮೆಟ್ಟಿಲಿನ ಅಡ್ಡಕ್ಕೆ ನಿಂತಿತ್ತು, ಅಕ್ಕನಿಗೂ ತಮ್ಮನಿಗೂ ಅದನ್ನು ಹಿಡಿದಿದ್ದೇವೆ ಎಂಬ ನೆನಪಿರಲಿಲ್ಲ. ಇದು ಬೇಗ ಮುಗಿಯುವುದಿಲ್ಲ ಎನ್ನಿಸಿ ನಾನು ಡ್ರಮ್ಮು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತೆ.